ನಿಘಂಟಿನಲ್ಲಿ ನಗೆಯಿಟ್ಟ ಡಾ. ಜಾನ್ಸನ್

ನಿಘಂಟೆಂದರೆ ನಮಗೆ ಅರ್ಥ ತಿಳಿಯದಾಗ ತೆರೆದು, ತಿಳಿದೊಡನೆ ಮುಚ್ಚಿಡುವ ಗ್ರಂಥ. ಅದನ್ನು ಓದಿ ನಕ್ಕವರು ನಮ್ಮಲ್ಲಿ ವಿರಳ. ಆದರೆ ಡಾ. ಸ್ಯಾಮ್ಯುಯೆಲ್ ಜಾನ್ಸನ್ನನ ಇಂಗ್ಲಿಷ್ ನಿಘಂಟಿನಲ್ಲಿ ಅಲ್ಲಲ್ಲಿ ಅರ್ಥದೊಡನೆ ಚುಚ್ಚುಮಾತೂ ಅಡಗಿದೆ. ಅವುಗಳಲ್ಲೊಂದು ಮುಂದೆ ಅವನನ್ನೇ ಚುಚ್ಚಿತು.

ಜಾನ್ಸನ್ 1709ರಲ್ಲಿ ಇಂಗ್ಲೆಂಡಿನ ಲಿಚ್‌ಫೀಲ್ಡ್ ಎಂಬ ಊರಿನಲ್ಲಿ ಪುಸ್ತಕದ ವ್ಯಾಪಾರಿಯೊಬ್ಬನ ಮಗನಾಗಿ ಹುಟ್ಟಿದನು. ಎಳವೆಯ ರೋಗದಿಂದ ದೃಷ್ಟಿ ಮಂದವಾಗಿತ್ತು. ಆಕ್ಸ್‌ಫರ್ಡಿಗೆ ಹೋದನಾದರೂ ಬಡತನದಿಂದಾಗಿ ಪದವಿ ಪಡೆಯದೆ ಹಿಂದಿರುಗಿದನು. ಶಾಲೆಯೊಂದನ್ನು ತೆರೆದನು, ವಿದ್ಯಾರ್ಥಿಗಳು ಬೆರಳೆಣಿಕೆಗೆ ಮೀರಲಿಲ್ಲ. 1737ರಲ್ಲಿ ಲಂಡನ್ನಿಗೆ ಬಂದು ಲೇಖನಿಯಿಂದಲೇ ಹೊಟ್ಟೆ ಹೊರೆಯತೊಡಗಿದನು.

1746ರಲ್ಲಿ ಪ್ರಕಾಶಕರು 1500 ಗಿನಿಗಳಿಗೆ ನಿಘಂಟಿನ ಕೆಲಸವನ್ನು ಒಪ್ಪಿಸಿದರು. ಮೂರು ವರ್ಷಗಳಲ್ಲಿ ಮುಗಿಸುವೆನೆಂದು ಅವನು ಎಣಿಸಿದ್ದನು. ಗ್ರಂಥ ಹೊರಬಂದುದು 1755ರಲ್ಲಿ. ನಲವತ್ತು ಸಾವಿರಕ್ಕೂ ಮಿಕ್ಕ ಶಬ್ದಗಳು, ಎರಡು ಬೃಹತ್ ಸಂಪುಟಗಳು! ಈ ನಡುವೆ, 1752ರಲ್ಲಿ, ಮಡದಿ ತೀರಿಕೊಂಡಳು.

ಇಂತಹ ಶ್ರಮದ ನಡುವೆಯೂ ಅವನಿಗೆ ವಿನೋದ ಸೂಝಿತಲ್ಲ ಎಂಬುದೇ ನಮಗೆ ಸೋಜಿಗ. ನಿಘಂಟುಕಾರನೆಂಬ ಶಬ್ದಕ್ಕೆ ಅರ್ಥ ಬರೆಯುವಾಗ, ಯಾರಿಗೂ ಕೇಡುಮಾಡದ ಕತ್ತೆದುಡಿತದವನೆಂಬ ಭಾವದಲ್ಲಿ ತನ್ನನ್ನೇ ಹಾಸ್ಯಮಾಡಿಕೊಂಡನು. ಓಟ್ಸ್ ಧಾನ್ಯದ ನೆಪದಲ್ಲಿ, ಇಂಗ್ಲೆಂಡಿನ ಕುದುರೆಗಳ ಆಹಾರವೇ ಸ್ಕಾಟ್ಲೆಂಡಿನ ಜನರ ಊಟವೆಂದು ಸ್ಕಾಟರನ್ನು ಕೆಣಕಿದನು. ಇದು ನಮಗೆ ಅಷ್ಟೇನೂ ಉಚಿತವೆನಿಸದು. ಅವನ ಆರು ಮಂದಿ ಸಹಾಯಕರಲ್ಲಿ ಐವರು ಸ್ಕಾಟರೇ ಆಗಿದ್ದರು. ಅಬಕಾರಿ ಸುಂಕದ ಅರ್ಥವನ್ನು ಎಷ್ಟು ಖಾರವಾಗಿ ಬರೆದನೆಂದರೆ, ಆ ಅಧಿಕಾರಿಗಳು ಮೊಕದ್ದಮೆ ಹೂಡಬಹುದೇ ಎಂದು ಸರಕಾರದ ವಕೀಲರನ್ನು ವಿಚಾರಿಸಿದರು. ಇನ್ನು ಪೆನ್ಷನ್? ಅದು ಸ್ವದೇಶಕ್ಕೆ ದ್ರೋಹ ಬಗೆಯುವ ಸರಕಾರಿ ಬಂಟನ ಕೂಲಿಯೆಂಬುದು ಅವನ ವ್ಯಾಖ್ಯೆಯ ತಾತ್ಪರ್ಯ.

ಕೀರ್ತಿ ಬಂದಿತು, ಹಣ ಬರಲಿಲ್ಲ. ಮರುವರ್ಷವೇ 5 ಪೌಂಡು 18 ಷಿಲಿಂಗುಗಳ ಸಾಲಕ್ಕಾಗಿ ಅವನನ್ನು ಬಂಧಿಸಿದರು. ಕಾದಂಬರಿಕಾರ ರಿಚರ್ಡ್‌ಸನ್ ಹಣ ಕಳುಹಿಸಿ ಬಿಡಿಸಿದನು. 1762ರಲ್ಲಿ ಅರಸನು ವರ್ಷಕ್ಕೆ 300 ಪೌಂಡುಗಳನ್ನು ಗೊತ್ತುಮಾಡಿದಾಗ ಅದರ ಹೆಸರೂ ಪೆನ್ಷನ್ ಎಂದೇ! ತಾನೇ ಬರೆದ ಅರ್ಥ ಅಡ್ಡ ನಿಂತಿತು. ಜಾನ್ಸನ್ ಮಿತ್ರರನ್ನು ಕೇಳಿದನು. ಅದು ಮುಂದೆ ಮಾಡಬೇಕಾದ ಸೇವೆಗಾಗಿ ಅಲ್ಲ, ಈಗಾಗಲೇ ಮಾಡಿದ ಕಾರ್ಯಕ್ಕಾಗಿ ಎಂದು ಮಂತ್ರಿ ಬ್ಯೂಟ್ ಭರವಸೆಯಿತ್ತ ಮೇಲೆ ಸ್ವೀಕರಿಸಿದನು. ಎದುರಾಳಿಗಳು ನಿಘಂಟನ್ನೇ ಎತ್ತಿ ತೋರಿಸಿ ಅವನನ್ನು ಹಂಗಿಸಿದರು.

ಆ ಹಣದಲ್ಲಿ ಅವನೊಬ್ಬನೇ ಉಣ್ಣಲಿಲ್ಲ. ಕುರುಡಿಯಾದ ಅನ್ನಾ ವಿಲಿಯಮ್ಸ್, ಬಡವರ ವೈದ್ಯ ಲೆವೆಟ್ ಮೊದಲಾದವರು ಅವನ ಮನೆಯಲ್ಲೇ ಆಶ್ರಯ ಪಡೆದಿದ್ದರು. ಜಮೈಕಾದಲ್ಲಿ ಗುಲಾಮನಾಗಿ ಹುಟ್ಟಿ ಅವನ ಸೇವಕನಾದ ಫ್ರಾನ್ಸಿಸ್ ಬಾರ್ಬರನನ್ನು ಶಾಲೆಗೂ ಕಳುಹಿಸಿದನು. 1784ರ ಡಿಸೆಂಬರಿನಲ್ಲಿ ಜಾನ್ಸನ್ ತೀರಿಕೊಂಡಾಗ, ಆ ಬಾರ್ಬರನಿಗೆ ವರ್ಷಕ್ಕೆ 70 ಪೌಂಡುಗಳ ವರ್ಷಾಶನವನ್ನು ಉಯಿಲಿನಲ್ಲಿ ಬರೆದಿಟ್ಟಿದ್ದನು.