ಭೂಮಿಯ ಒಳಗಿನ ಲೆಕ್ಕ ಹಿಡಿದ ಓಲ್ಡ್‌ಹ್ಯಾಮ್

ಭೂಕಂಪಕ್ಕೆ ನಮ್ಮ ಮನೆಯಲ್ಲಿ ಜಲ್‌ಜಲಾ ಅನ್ನುತ್ತೇವೆ. ಕಾಮರ್ಸ್ ಓದುವ ನನಗೆ ಕಲ್ಲು ಮಣ್ಣಿನ ವಿಷಯ ಏಕೆ ಎಂದು ಗೆಳೆಯರು ನಗಬಹುದು. ಆದರೆ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಅವರ ಜೀವನದಲ್ಲಿ ನನಗೆ ಕಂಡದ್ದು ಲೆಕ್ಕವೇ.

ಅವರು 1858ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದರು. ತಂದೆ ಥಾಮಸ್ ಓಲ್ಡ್‌ಹ್ಯಾಮ್ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥರಾಗಿದ್ದವರು. 1869ರ ಕಛಾರ್ ಭೂಕಂಪದ ಬಗ್ಗೆ ಅವರು ಸಿದ್ಧಪಡಿಸಿದ ವರದಿ ಅಚ್ಚಾಗುವ ಮೊದಲೇ 1878ರಲ್ಲಿ ತೀರಿಕೊಂಡರು. ಮರುವರ್ಷ ಅದೇ ಇಲಾಖೆ ಸೇರಿದ ಮಗ ಅದನ್ನು ಸಂಪಾದಿಸಿ ಹೊರತಂದರು. ಹೋದ ವರ್ಷ ಅಬ್ಬಾ ಹಾಸಿಗೆ ಹಿಡಿದಾಗ ಅಂಗಡಿಯ ಉದ್ರಿ ಪುಸ್ತಕ ನನ್ನ ಕೈಗೆ ಬಂತು. ಇನ್ನೊಬ್ಬರ ಲೆಕ್ಕವನ್ನು ನಡುವೆ ಹಿಡಿಯುವ ಕಷ್ಟ ನನಗೆ ಗೊತ್ತು.

1897ರ ಜೂನ್ 12ರ ಸಂಜೆ ಅಸ್ಸಾಂ ಪ್ರಾಂತ್ಯ ನಡುಗಿತು. ಶಿಲ್ಲಾಂಗ್‌ನ ಕಲ್ಲಿನ ಕಟ್ಟಡಗಳು ಉರುಳಿದವು, ಸುಮಾರು 1,500 ಜನ ಸತ್ತರು. ಓಲ್ಡ್‌ಹ್ಯಾಮ್ ಹಾನಿಯನ್ನು ಬರೆದುಕೊಂಡು ಸುಮ್ಮನಾಗಲಿಲ್ಲ. ದೂರದ ಯುರೋಪಿನ ಯಂತ್ರಗಳಲ್ಲಿ ಮೂಡಿದ್ದ ಗೆರೆಗಳನ್ನೂ ಪರಿಶೀಲಿಸಿದರು. ಒಂದೇ ಕಂಪನದಿಂದ ಮೂರು ಬಗೆಯ ಅಲೆಗಳು ಹೊರಟಿದ್ದವು: ಕಲ್ಲನ್ನು ಒತ್ತಿ ಹಿಗ್ಗಿಸುತ್ತಾ ಮೊದಲು ಬರುವ ಪಿ ಅಲೆ, ಅಡ್ಡಡ್ಡ ಅಲುಗಿಸುವ ಎಸ್ ಅಲೆ, ಕೊನೆಗೆ ನೆಲದ ಮೇಲೆಯೇ ಸಾಗುವ ಅಲೆ. ಈ ವರದಿ 1899ರಲ್ಲಿ ಬಂತು.

ಆಗ ವಿಜ್ಞಾನಿಗಳ ಮುಂದೆ ತಾಳೆಯಾಗದ ಒಂದು ಲೆಕ್ಕವಿತ್ತು. ಇಡೀ ಭೂಮಿಯ ಸರಾಸರಿ ಸಾಂದ್ರತೆ ನೀರಿನ 5.5 ಪಟ್ಟು, ಮೇಲಿನ ಕಲ್ಲಿನದು ಸುಮಾರು 2.7 ಪಟ್ಟು ಮಾತ್ರ. ಉಳಿದ ತೂಕ ಒಳಗಿರಲೇಬೇಕು. ಆದರೆ ಎಲ್ಲಿಂದ ಶುರು?

ಆರೋಗ್ಯ ಕೆಟ್ಟು 1903ರಲ್ಲಿ ಕೆಲಸ ಬಿಟ್ಟ ಓಲ್ಡ್‌ಹ್ಯಾಮ್, ಅಲೆಗಳು ಎಷ್ಟು ದೂರಕ್ಕೆ ಎಷ್ಟು ನಿಮಿಷದಲ್ಲಿ ತಲುಪುತ್ತವೆ ಎಂದು ಜೋಡಿಸಿ ನೋಡಿದರು. ಭೂಮಿಯ ಆಚೆ ಬದಿಗೆ ಹೋದವು ತಡವಾಗಿ ಬಂದಿದ್ದವು. ನಡುವೆ ಅಲೆಯನ್ನು ನಿಧಾನಿಸುವ ಬೇರೆಯೇ ತಿರುಳಿದೆ ಎಂದು 1906ರಲ್ಲಿ ಪ್ರಕಟಿಸಿದರು. ವೇಗ ಸಾಂದ್ರತೆಯೊಂದರಿಂದಲೇ ತಿಳಿಯುವುದಿಲ್ಲ, ಒಳಗಿನ ವಸ್ತು ಎಷ್ಟು ಬಿಗಿ ಎಂಬುದೂ ಬೇಕು. ಇದನ್ನು ಸೈನ್ಸ್ ಗೆಳೆಯನಿಂದ ಎರಡು ಸಲ ಹೇಳಿಸಿಕೊಂಡೆ.

ತಿರುಳಿನ ತ್ರಿಜ್ಯ ಭೂಮಿಯ ತ್ರಿಜ್ಯದ 0.4 ಭಾಗ ಎಂದು ಅವರು ಅಂದಾಜಿಸಿದ್ದರು. ನಿಜಕ್ಕೂ ಅದು ಅರ್ಧಕ್ಕಿಂತ ಹೆಚ್ಚು. ಕೆಲವೇ ವರ್ಷಗಳಲ್ಲಿ ಜರ್ಮನಿಯ ಬೆನೋ ಗುಟೆನ್‌ಬರ್ಗ್ ಅದು 2,900 ಕಿಲೋಮೀಟರ್ ಆಳದಲ್ಲಿ ಶುರುವಾಗುತ್ತದೆ ಎಂದು ಸರಿಪಡಿಸಿದರು. ಓಲ್ಡ್‌ಹ್ಯಾಮ್ ಅದಾದ ಮೇಲೂ ಬಹುಕಾಲ ಬದುಕಿದ್ದು, 1936ರಲ್ಲಿ ವೇಲ್ಸ್‌ನಲ್ಲಿ ತೀರಿಕೊಂಡರು.

ಅಬ್ಬಾ ಹುಷಾರಾಗಿ ಅಂಗಡಿಗೆ ಬಂದ ಮೊದಲ ದಿನವೇ ನನ್ನ ಉದ್ರಿ ಲೆಕ್ಕದಲ್ಲಿ ಮೂರು ತಪ್ಪು ಹುಡುಕಿದರು.