ಹಾಜರಿಗೆ ಎರಡು ಪೈಸೆ: ಕುದ್ಮುಲ್ ರಂಗರಾಯರು

ದಲಿತರ ಮಕ್ಕಳಿಗಾಗಿ ಶಾಲೆ ತೆರೆದವರ ಹೆಸರು ಹೇಳುವಾಗ ನಾವು ಪುಣೆಯ ಫುಲೆ ದಂಪತಿಗಳನ್ನು ನೆನೆಯುತ್ತೇವೆ. ನೆನೆಯಲೇಬೇಕು. ಆದರೆ ನಮ್ಮ ಗಡಿನಾಡಿನಲ್ಲೇ ಹುಟ್ಟಿದ ಒಬ್ಬರ ಕಥೆ ನಮ್ಮ ಮಕ್ಕಳಿಗೆ ಅಷ್ಟಾಗಿ ಗೊತ್ತಿಲ್ಲ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ, ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಕಾಸರಗೋಡು ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹದಿನಾರರ ವಯಸ್ಸಿಗೆ ತಂದೆ ತೀರಿಕೊಂಡರು. ಹುಡುಗ ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದ. ತಿಂಗಳಿಗೆ ಎಂಟು ರೂಪಾಯಿ ಸಂಬಳದ ಮೇಷ್ಟ್ರಾದ. ಪಾಠ ಹೇಳುತ್ತಲೇ ಖಾಸಗಿಯಾಗಿ ಓದಿ ಮೆಟ್ರಿಕ್ ಮುಗಿಸಿದ, ಪ್ಲೀಡರ್ ಪರೀಕ್ಷೆ ಪಾಸು ಮಾಡಿ ವಕೀಲನಾದ. ಬಡವರ ಪರವಾಗಿ ನಿಲ್ಲುವ ವಕೀಲರೆಂದು ಹೆಸರಾಯಿತು.

ಬ್ರಹ್ಮಸಮಾಜದ ಸಂಪರ್ಕ ಅವರ ಮನಸ್ಸನ್ನು ಇನ್ನೂ ಅಗಲಗೊಳಿಸಿತು. ಅಂದಿನ ದಲಿತರಿಗೆ ಸ್ವಂತ ಭೂಮಿ ಇರಲಿಲ್ಲ, ಬೇರೆ ಕಸುಬಿಗೆ ದಾರಿ ಇರಲಿಲ್ಲ, ಮಕ್ಕಳಿಗೆ ಶಾಲೆಯ ಬಾಗಿಲೂ ಮುಚ್ಚಿತ್ತು. ರಂಗರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಅವರಿಗಾಗಿ ಶಾಲೆ ತೆರೆದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಶಾಲೆಗೆ ಕಿರುಕುಳ ತಪ್ಪಲಿಲ್ಲ. ಪಾಠ ಹೇಳಲು ಮೇಲ್ಜಾತಿಯ ಮೇಷ್ಟ್ರುಗಳು ಬಾರದೆ ಹೋದಾಗ ಕ್ರೈಸ್ತ ಶಿಕ್ಷಕರನ್ನು ನೇಮಿಸಿಕೊಂಡರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಶಾಲೆಗಳು ಹೆಚ್ಚಿದವು, ಉಡುಪಿಯವರೆಗೂ ಹೋದವು.

ಶಾಲೆ ತೆರೆದಷ್ಟಕ್ಕೇ ಮಕ್ಕಳು ಬರುವುದಿಲ್ಲವೆಂಬುದು ಅವರಿಗೆ ಬೇಗ ಅರ್ಥವಾಯಿತು. ಕೂಲಿಯವನ ಮನೆಯಲ್ಲಿ ಮಗುವಿನ ಕೈಯೂ ದುಡಿಯುವ ಕೈ. ಆ ಕೈ ಸ್ಲೇಟು ಹಿಡಿದರೆ ಅಂದಿನ ಗಂಜಿಗೆ ಕೊರತೆ. ಅದಕ್ಕೇ ರಂಗರಾಯರು ಮಧ್ಯಾಹ್ನ ಊಟ ಹಾಕಿಸಿದರು, ಹಾಜರಾದ ದಿನಕ್ಕೆ ಎರಡು ಪೈಸೆ ಕೊಟ್ಟರು. ಇಂದು ನಮ್ಮ ಶಾಲೆಗಳಲ್ಲಿ ಬಿಸಿಯೂಟ ಬಡಿಸುವುದರ ಹಿಂದಿನ ಲೆಕ್ಕವೂ ಇದೇ. ಬಡತನ ಮಗುವಿನ ತಪ್ಪಲ್ಲ, ಅದರ ಬೆಲೆಯನ್ನು ಮಗು ತೆರಬಾರದು.

ಅಕ್ಷರದ ಜೊತೆಗೆ ಕಸುಬೂ ಬೇಕೆಂದು ನೇಯ್ಗೆ, ಮರಗೆಲಸ ಕಲಿಸಿದರು. ಸರ್ಕಾರದಿಂದ ಜಮೀನು ಪಡೆದು ದಲಿತ ಕುಟುಂಬಗಳಿಗೆ ನೆಲೆ ಮಾಡಿಕೊಟ್ಟರು. ಓದು, ಕಸುಬು, ಜಾಗ ಈ ಮೂರೂ ಕೂಡಿದರೆ ಮಾತ್ರ ಮನುಷ್ಯ ತಲೆ ಎತ್ತಿ ನಿಲ್ಲುತ್ತಾನೆಂದು ಅವರು ಕಂಡುಕೊಂಡಿದ್ದರು.

ಊರಿಗೆ ಹೇಳಿದ್ದನ್ನು ಮನೆಯಲ್ಲೂ ನಡೆಸಿದರು. ಹೆಣ್ಣುಮಕ್ಕಳು ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ ಮಗಳು ರಾಧಾಬಾಯಿಯನ್ನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನವರೆಗೆ ಓದಿಸಿದರು. ಆಕೆ ಮುಂದೆ ಆಕ್ಸ್‌ಫರ್ಡಿನಲ್ಲೂ ಕಲಿತರು. ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರ ಡಾ. ಪಿ. ಸುಬ್ಬರಾಯನ್ ಅವರೊಂದಿಗೆ ಜಾತಿ, ಭಾಷೆ ಎರಡನ್ನೂ ದಾಟಿ ಆಕೆಯ ಮದುವೆಯಾಯಿತು. ಸುಬ್ಬರಾಯನ್ 1926ರಲ್ಲಿ ಮದರಾಸು ಪ್ರಾಂತ್ಯದ ಪ್ರಧಾನಿಯಾದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಮಹಿಳೆಯರ ಪರ ಕುಳಿತರು. ಅವರ ಮಗ ಜನರಲ್ ಕುಮಾರಮಂಗಲಂ 1966ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಮಗಳು ಪಾರ್ವತಿ ಕೃಷ್ಣನ್ ಕೊಯಮತ್ತೂರಿನ ಸಂಸದೆಯಾದರು.

ಕೊನೆಗಾಲದಲ್ಲಿ ರಂಗರಾಯರು ಸನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಸಂಸ್ಕಾರ ದಲಿತರ ಕೈಯಿಂದಲೇ ಆಗಬೇಕೆಂಬುದು ಅವರ ಇಚ್ಛೆಯಾಗಿತ್ತು. ದಲಿತರ ಮಗು ಓದಿ, ದೊಡ್ಡ ಹುದ್ದೆ ಹಿಡಿದು, ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಗುಲಿದರೆ ಬದುಕು ಸಾರ್ಥಕವೆಂದು ಅವರು ಹೇಳುತ್ತಿದ್ದರಂತೆ. 1934ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ಅವರ ಸಂಸ್ಥೆಯನ್ನು ಕಂಡುಹೋದರು. ಮಂಗಳೂರಿನ ಪುರಭವನಕ್ಕೆ ಇಂದು ರಂಗರಾಯರದೇ ಹೆಸರು.

ಪೋಷಕರೇ, ಕಟಾವಿನ ದಿನಗಳಲ್ಲಿ ಮಗನನ್ನು ಹೊಲಕ್ಕೆ ಕರೆದೊಯ್ಯುವಾಗ, ತಮ್ಮನನ್ನು ನೋಡಿಕೊಳ್ಳಲೆಂದು ಮಗಳನ್ನು ಮನೆಯಲ್ಲಿ ನಿಲ್ಲಿಸುವಾಗ ಈ ಎರಡು ಪೈಸೆಯನ್ನು ನೆನೆಸಿಕೊಳ್ಳಿ. ಒಂದು ದಿನದ ಹಾಜರಿಗೆ ಎಷ್ಟು ಬೆಲೆಯಿದೆಯೆಂದು ರಂಗರಾಯರು ನೂರು ವರ್ಷಗಳ ಹಿಂದೆಯೇ ಎಣಿಸಿ ತೋರಿಸಿದ್ದಾರೆ.