ಬಡವರ ವಠಾರದಲ್ಲಿ ಮಕ್ಕಳ ಮನೆ: ಮರಿಯ ಮಾಂಟೆಸ್ಸರಿಯವರ ಜೀವನ ಸ್ಮರಣೆ

ನಮ್ಮ ಇಗರ್ಜಿಯ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಹಿಂದಿನ ಗುರುವರ್ಯರ, ದಾನಿಗಳ, ಗಂಟೆಗೋಪುರ ಕಟ್ಟಿದ ಮೇಸ್ತ್ರಿಗಳ ಸ್ಮರಣೆ ಬೇರೆ ಪುಟಗಳಲ್ಲಿ ಬಂದೇ ಇದೆ. ನಾವು ಇಲ್ಲಿ ನೆನೆಯಬಯಸುವುದು ಈ ವಿಚಾರಣೆಯನ್ನು ಎಂದೂ ಕಾಣದ ಒಬ್ಬ ಇಟಲಿಯ ಕಥೋಲಿಕ ಸ್ತ್ರೀಯನ್ನು. ಹೆಸರು ಮಾತ್ರ ನಮಗೆಲ್ಲ ಪರಿಚಿತವೇ. ಪೇಟೆಯ ಶಿಶುವಿಹಾರಗಳ ಫಲಕಗಳ ಮೇಲೆ ಅದನ್ನು ದಿನವೂ ಓದುತ್ತೇವೆ. ಅದು ಯಾವುದೋ ಪಾಠಕ್ರಮದ ಹೆಸರೆಂದು ತಿಳಿದ ತಂದೆತಾಯಿಗಳನ್ನು ಕಂಡಿದ್ದೇವೆ. ಶುಲ್ಕ ಹೆಚ್ಚಿರುವ ಶಾಲೆ ಎಂಬುದೇ ಅದರ ಅರ್ಥವೆಂದು ನಂಬಿದವರೂ ಇದ್ದಾರೆ. ಆದರೆ ಆ ಹೆಸರಿನ ಮೊದಲ ಶಾಲೆಯಲ್ಲಿ ಶುಲ್ಕವೇ ಇರಲಿಲ್ಲ.

ಮರಿಯ ಮಾಂಟೆಸ್ಸರಿ ಜನಿಸಿದ್ದು 1870ನೆಯ ಆಗಸ್ಟ್ 31ರಂದು, ಇಟಲಿಯ ಕಿಯಾರವಲ್ಲೆ ಎಂಬ ಊರಿನಲ್ಲಿ. ಮಗಳು ವೈದ್ಯಶಾಸ್ತ್ರ ಓದುವುದು ತಂದೆಗೆ ಒಪ್ಪಿಗೆಯಿರಲಿಲ್ಲ. ತಾಯಿ ಬೆಂಬಲವಾಗಿ ನಿಂತರು. ಗಂಡಸರೊಡನೆ ಶವಪರೀಕ್ಷೆ ಕಲಿಯುವುದು ಹೆಣ್ಣಿಗೆ ಸಲ್ಲದೆಂದು, ಎಲ್ಲರೂ ಹೋದ ಮೇಲೆ ಸಂಜೆ ಒಬ್ಬರೇ ಆ ಕೊಠಡಿಯಲ್ಲಿ ಕಲಿಯಬೇಕಾಯಿತು. 1896ರಲ್ಲಿ ರೋಮಿನ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದು, ಇಟಲಿಯ ಮೊದಮೊದಲ ಮಹಿಳಾ ವೈದ್ಯರ ಸಾಲಿಗೆ ಸೇರಿದರು. ಅನಂತರ ಬುದ್ಧಿಮಾಂದ್ಯರೆಂದು ಕೈಬಿಟ್ಟ ಮಕ್ಕಳ ಶಾಲೆಯೊಂದರಲ್ಲಿ ದುಡಿದರು. ಆ ಮಕ್ಕಳಲ್ಲಿ ಕೆಲವರು ಇತರ ಶಾಲೆಗಳ ಮಕ್ಕಳ ಸಮನಾಗಿ ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ಜನ ಬೆರಗಾದರು. ಈಕೆಗೆ ಮಾತ್ರ ಚಿಂತೆ ಹತ್ತಿತು. ಇವರೇ ಇಷ್ಟು ಕಲಿಯಬಲ್ಲರಾದರೆ, ಆರೋಗ್ಯವಂತ ಮಕ್ಕಳನ್ನು ನಮ್ಮ ಶಾಲೆಗಳು ಇಷ್ಟು ಕೆಳಗೆ ಹಿಡಿದಿಟ್ಟಿರುವುದು ಏಕೆ?

ರೋಮಾಪುರಿಯಲ್ಲಿ ಸಾನ್ ಲೊರೆಂಜೊ ಎಂಬ ಬಡಾವಣೆಯಿದೆ. ಬಡವರೇ ಧರ್ಮಸಭೆಯ ಭಂಡಾರವೆಂದು ತೋರಿಸಿದರೆಂದು ಪ್ರತೀತಿಯಿರುವ ಸಂತ ಲಾರೆನ್ಸರ ಮಹಾದೇವಾಲಯದಿಂದ ಅದಕ್ಕೆ ಆ ಹೆಸರು ಬಂದಿತು. 1880ರ ದಶಕದಲ್ಲಿ ಅಲ್ಲಿ ಅತ್ಯಾಶೆಯಿಂದ ದೊಡ್ಡ ದೊಡ್ಡ ಕಟ್ಟಡಗಳನ್ನು ಎಬ್ಬಿಸಿದರು; ಹಣ ಕುಸಿದು ಕಾಮಗಾರಿ ಅರ್ಧಕ್ಕೇ ನಿಂತಿತು. ಬಾಗಿಲು ಕಿಟಕಿಗಳಿಲ್ಲದ ಆ ಗೋಡೆಗಳ ನಡುವೆ ನೆಲೆಯಿಲ್ಲದ ಬಡವರು ಒತ್ತೊತ್ತಾಗಿ ತುಂಬಿಕೊಂಡರು. ಮುಂದೆ ಎದೊವಾರ್ದೊ ತಲಾಮೊ ಎಂಬ ಎಂಜಿನಿಯರರ ಸಂಸ್ಥೆ ಕಟ್ಟಡಗಳನ್ನು ಕೊಂಡು, ದುರಸ್ತಿ ಮಾಡಿ, ದುಡಿಯುವ ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿತು. ತಂದೆತಾಯಿಗಳು ಕೂಲಿಗೆ ಹೋದ ಮೇಲೆ, ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳು ಮೆಟ್ಟಿಲುಗಳಲ್ಲಿ ಓಡಾಡಿ ಹೊಸ ಗೋಡೆಗಳಿಗೆ ಮಸಿ ಬಳಿಯತೊಡಗಿದವು. ಗೋಡೆ ತೊಳೆಸುವ ಹಣದಲ್ಲಿಯೇ ಆ ಮಕ್ಕಳನ್ನು ನೋಡಿಕೊಳ್ಳಬಹುದಲ್ಲವೇ ಎಂದು ತಲಾಮೊ ಲೆಕ್ಕ ಹಾಕಿದರು. ಜಗತ್ತೇ ಕೊಂಡಾಡಿದ ಒಂದು ಕಾರ್ಯ ಸುಣ್ಣಬಣ್ಣದ ಖರ್ಚಿನ ಲೆಕ್ಕದಿಂದ ಹುಟ್ಟಿತು! ದೇವರು ಲೆಕ್ಕಪುಸ್ತಕದ ಮೂಲಕವೂ ಕೆಲಸ ಮಾಡುತ್ತಾನೆಂದು ನಮ್ಮ ಆರ್ಥಿಕ ಸಮಿತಿಯವರಿಗೆ ಸಮಾಧಾನವಾಗಲಿ.

1907ನೆಯ ಜನವರಿ 6, ಮೂರು ರಾಯರ ಹಬ್ಬದ ದಿನ, ವಠಾರದ ಕೆಳ ಅಂತಸ್ತಿನ ಕೋಣೆಯೊಂದರಲ್ಲಿ ಮಕ್ಕಳ ಮನೆ ತೆರೆಯಿತು. 50ಕ್ಕೂ ಹೆಚ್ಚು ಮಕ್ಕಳು. ಅಳುವವರು, ಹೆದರಿದವರು, ಮಾತೇ ಆಡದವರು. ಗೋಡೆಯ ಮೇಲಿನ ನಿಯಮಗಳು ನಮಗೆ ಬಹು ಮುಖ್ಯವೆನಿಸುತ್ತವೆ. ಹಣ ಕೊಡಬೇಕಿಲ್ಲ. ಆದರೆ ತಾಯಿಯಾದವಳು ಮಗುವನ್ನು ಮೀಯಿಸಿ, ಶುಚಿಯಾದ ಬಟ್ಟೆ ತೊಡಿಸಿ ಕಳುಹಿಸಬೇಕು. ವಾರಕ್ಕೊಮ್ಮೆಯಾದರೂ ಬಂದು ಶಿಕ್ಷಕಿಯೊಡನೆ ಮಗುವಿನ ವಿಷಯ ಮಾತನಾಡಬೇಕು. ಶಿಕ್ಷಕಿಯನ್ನು ಗೌರವದಿಂದ ಕಾಣಬೇಕು. ಶಿಕ್ಷಕಿಯಾದರೋ ಅದೇ ವಠಾರದಲ್ಲಿ ಅವರ ನೆರೆಯವಳಾಗಿಯೇ ಬಾಳಬೇಕು. ತಾಯಂದಿರಿಗೆ ಅದು ಯಾರೋ ಕೊಟ್ಟ ಭಿಕ್ಷೆಯಲ್ಲ, ತಮ್ಮೆಲ್ಲರ ಸೊತ್ತು. ಕೆಲಸಕ್ಕೆ ಹೋಗುವಾಗ ಮಗುವಿನ ಚಿಂತೆಯಿಲ್ಲ, ಬಿಡುವಿದ್ದಾಗ ಇಣುಕಿ ನೋಡಲು ತಡೆಯಿಲ್ಲ. ಶ್ರೀಮಂತ ತಾಯಿಗೆ ದಾದಿಯರಿಂದ ದೊರೆಯುವ ನೆರವು ಕೂಲಿಯ ಹೆಣ್ಣಿಗೆ ನೆರೆಹೊರೆಯ ಒಗ್ಗಟ್ಟಿನಿಂದ ದೊರೆಯಬೇಕೆಂಬುದು ಮಾಂಟೆಸ್ಸರಿಯವರ ಆಶಯ. ಕಾಯಿಲೆ ಬಿದ್ದವರ ಆರೈಕೆಗೆ ವಠಾರದಲ್ಲಿಯೇ ಒಂದು ಕೋಣೆ, ಎಲ್ಲ ಮನೆಗಳಿಗೂ ಒಂದೇ ಅಡಿಗೆಮನೆ, ಇವೂ ಅವರ ಯೋಚನೆಯಲ್ಲಿದ್ದವು.

ಒಳಗೆ ನಡೆದುದನ್ನು ಓದುವಾಗ ನಮಗೆ ಇಂದಿಗೂ ಮನಸ್ಸು ತುಂಬುತ್ತದೆ. ಉದಾರ ಮಹಿಳೆಯರು ಕೊಟ್ಟ ಚೆಂದದ ಗೊಂಬೆಗಳನ್ನು ಮಕ್ಕಳು ಮೂಸಿಯೂ ನೋಡಲಿಲ್ಲ. ಕೈಗೆ ನಿಜವಾದ ಕೆಲಸ ಕೊಟ್ಟರೆ ಮೈಮರೆತರು. ಒಂದು ದಿನ ಈಕೆ ಸದ್ದಿಲ್ಲದೆ ಮೂಗು ಸೀಟಿಕೊಳ್ಳುವುದು ಹೇಗೆಂದು ಕರವಸ್ತ್ರ ಹಿಡಿದು ಕಲಿಸಿದರು. ಮಕ್ಕಳು ನಗಬಹುದೆಂದುಕೊಂಡಿದ್ದರೆ, ಪಾಠ ಮುಗಿಯುತ್ತಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ಸಿಂಬಳದ ವಿಷಯದಲ್ಲಿ ದಿನವೂ ಬೈಗುಳ ತಿಂದವರಿಗೆ ಅದನ್ನು ಅವಮಾನವಿಲ್ಲದೆ ಕಲಿಸಿದವರು ಇವರೇ ಮೊದಲಿಗರು. ನಾವು ಬಾಲ್ಯದಲ್ಲಿ ಧರ್ಮೋಪದೇಶ ಕಲಿತದ್ದು ಬೆತ್ತದ ನೆರಳಿನಲ್ಲಿ. ಪ್ರಶ್ನೋತ್ತರಗಳು ಬಾಯಿಗೆ ಬಂದವು, ಪ್ರೀತಿ ಬರಲು ಬಹಳ ಕಾಲ ಹಿಡಿಯಿತು.

ಮತ್ತೊಂದು ದಿನ ಅಂಗಳದಲ್ಲಿ ತಾಯಿಯೊಬ್ಬಳ ಕೈಯಲ್ಲಿದ್ದ ನಾಲ್ಕು ತಿಂಗಳ ಹಸುಳೆಯನ್ನು ಎತ್ತಿ ಒಳಗೆ ತಂದು, ಇಷ್ಟು ಮೌನವಾಗಿರಲು ನಿಮ್ಮಿಂದಾದೀತೇ ಎಂದು ತಮಾಷೆಗೆ ಕೇಳಿದರು. ಮಕ್ಕಳು ಉಸಿರು ಬಿಗಿಹಿಡಿದು ಕುಳಿತರು. ಕೋಣೆಯಲ್ಲಿ ಎಂದೂ ಕೇಳದಿದ್ದ ಸಣ್ಣ ಸಣ್ಣ ಸದ್ದುಗಳು ಕೇಳಿಸಿದವು. ಪೂಜೆಯ ವೇಳೆ ಅಳುವ ಕೂಸನ್ನೆತ್ತಿಕೊಂಡ ತಾಯಿಯತ್ತ ಹಿಂತಿರುಗಿ ಕಣ್ಣು ಬಿಡುವ ನಮ್ಮ ಹಿರಿಯರು ಇದನ್ನು ನೆನಪಿಡಬೇಕು.

ಅಕ್ಷರವನ್ನೇ ಅರಿಯದ ತಾಯಂದಿರು ಬಂದು, ನಮ್ಮ ಮಕ್ಕಳಿಗೆ ಓದುಬರಹ ಕಲಿಸಿ ಎಂದು ಬೇಡಿದರು. ಇಷ್ಟು ಚಿಕ್ಕವರಿಗೆ ಬೇಡವೆಂಬುದೇ ಮೊದಲು ಈಕೆಯ ಎಣಿಕೆ. ಕೊನೆಗೆ ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳನ್ನು ಬೆರಳಿನಿಂದ ತೀಡಲು ಕೊಟ್ಟರು. ಡಿಸೆಂಬರಿನ ಬಿಸಿಲಿನ ಒಂದು ದಿನ ವಠಾರದ ತಾರಸಿಯ ಮೇಲೆ, ಐದು ವರ್ಷದ ಹುಡುಗನೊಬ್ಬ ಸೀಮೆಸುಣ್ಣದಿಂದ ಹೊಗೆಗೂಡಿನ ಚಿತ್ರ ಬರೆಯುತ್ತ, ಇದ್ದಕ್ಕಿದ್ದಂತೆ ಅದರ ಹೆಸರನ್ನೂ ಬರೆದು, ನನಗೆ ಬರೆಯಲು ಬರುತ್ತದೆ ಎಂದು ಕೂಗಿಕೊಂಡನಂತೆ.

ಆ ಹುಡುಗ ಕೂಗಿದ ದಿನಗಳಲ್ಲಿ ಈಕೆಯ ಸ್ವಂತ ಮಗನಿಗೆ ಒಂಬತ್ತು ವರ್ಷ. ಇದನ್ನು ನಾವು ಮುಚ್ಚಿಡಲಾರೆವು. 1898ರಲ್ಲಿ, ಸಹೋದ್ಯೋಗಿ ವೈದ್ಯರೊಬ್ಬರಿಂದ, ವಿವಾಹವಿಲ್ಲದೆ ಹುಟ್ಟಿದ ಮಗು ಮಾರಿಯೊ. ಅಪಕೀರ್ತಿಗೆ ಅಂಜಿ ಅವನನ್ನು ಹಳ್ಳಿಯ ಸಂಸಾರವೊಂದರ ಕೈಗೊಪ್ಪಿಸಿದರು. ಆಗಾಗ ಹೋಗಿ ನೋಡಿದರೂ ತಾಯಿಯೆಂದು ಹೇಳಿಕೊಳ್ಳಲಿಲ್ಲ. ಆ ತಂದೆ ಬೇರೊಬ್ಬಳನ್ನು ವಿವಾಹವಾದನು. ಅವನ ವೃತ್ತಿಗೆ ಏನೂ ಕುಂದು ಬರಲಿಲ್ಲ. ತಪ್ಪನ್ನು ತಪ್ಪಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಆ ಕಾಲದಲ್ಲಿ ತಾಯಿ ಮಗು ಇಬ್ಬರನ್ನೂ ಒಂದೇ ಸೂರಿನಡಿ ಇರಗೊಡುವ ವಠಾರವೊಂದು ಈಕೆಗೆ ದೊರೆಯಲಿಲ್ಲ. ಭಕ್ತಾದಿಗಳಾದ ನಾವು ಅಂಥ ತಾಯಿಗೆ ಬಾಗಿಲು ತೆರೆಯುತ್ತಿದ್ದೆವೋ? ಈ ಪ್ರಶ್ನೆಯನ್ನು ನಾವು ಮೊದಲು ನಮಗೇ ಕೇಳಿಕೊಂಡಿದ್ದೇವೆ. 1912ರ ಕೊನೆಯಲ್ಲಿ ಈಕೆಯ ತಾಯಿ ತೀರಿಕೊಂಡರು. ಮರುವರ್ಷ ಹದಿನೈದರ ಮಗ ತಾಯಿಯ ಬಳಿಗೆ ಬಂದನು. ಲೋಕದ ಮುಂದೆ ಮಾತ್ರ ಬಹುಕಾಲ ಅಣ್ಣತಮ್ಮಂದಿರ ಮಗನೋ, ದತ್ತುಪುತ್ರನೋ ಆಗಿಯೇ ಉಳಿದನು.

ಮುಂದಿನದು ಕೀರ್ತಿಯ ಕಥೆ, ಬೇಗ ಹೇಳಿ ಮುಗಿಸಬಹುದು. 1909ರಲ್ಲಿ ಗ್ರಂಥ ಪ್ರಕಟವಾಯಿತು, ದೇಶದೇಶಗಳಲ್ಲಿ ಶಾಲೆಗಳೆದ್ದವು. ತಲಾಮೊ ಅವರೊಡನೆ ಮನಸ್ತಾಪವಾಗಿ ಸಾನ್ ಲೊರೆಂಜೊದ ನಂಟು ಕಡಿಯಿತು. ಸ್ಪೇನಿನ ಬಾರ್ಸಿಲೋನಾದಲ್ಲಿ ಮಕ್ಕಳ ಅಳತೆಯ ಪೀಠೋಪಕರಣಗಳ ಪ್ರಾರ್ಥನಾಲಯವಾಯಿತು. ಅಲ್ಲಿ ಪೂಜೆಯ ರೊಟ್ಟಿ ರಸಗಳಿಗಾಗಿ ಮಕ್ಕಳೇ ಗೋಧಿ, ದ್ರಾಕ್ಷಿ ಬೆಳೆಸಿದರು. ಮುಸೊಲಿನಿಯ ಆಶ್ರಯವನ್ನು ಈಕೆ ಕೆಲವು ವರ್ಷ ಒಪ್ಪಿಕೊಂಡದ್ದು ನಮಗೆ ಸರಿಕಾಣದು. 1934ರಲ್ಲಿ ಆತನ ಸರ್ಕಾರವೇ ಆ ಶಾಲೆಗಳನ್ನು ಮುಚ್ಚಿಸಿತು.

1939ರಲ್ಲಿ, ಅರವತ್ತೊಂಬತ್ತರ ಪ್ರಾಯದಲ್ಲಿ, ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮಗನೊಡನೆ ಮದರಾಸಿನ ಅಡ್ಯಾರಿಗೆ ಬಂದರು. ಮೊದಲ ತರಬೇತಿಗೇ 300ಕ್ಕೂ ಹೆಚ್ಚು ಮಂದಿ ಸೇರಿದರು. ಮರುವರ್ಷ ಇಟಲಿ ಯುದ್ಧಕ್ಕಿಳಿಯಿತು. ಶತ್ರುದೇಶದವನೆಂದು ಬ್ರಿಟಿಷ್ ಸರ್ಕಾರ ಮಾರಿಯೊನನ್ನು ಬಂಧನದಲ್ಲಿರಿಸಿತು. ತಾಯಿಯನ್ನು ಅಡ್ಯಾರಿನಲ್ಲಿಯೇ ನಿರ್ಬಂಧಿಸಿತು. 1940ನೆಯ ಆಗಸ್ಟ್ 31, ಆಕೆಯ ಎಪ್ಪತ್ತನೆಯ ಹುಟ್ಟುಹಬ್ಬ. ಅಂದು ವೈಸರಾಯರಿಂದ ತಂತಿ ಬಂತು: ಹುಟ್ಟುಹಬ್ಬದ ಕಾಣಿಕೆಯಾಗಿ ಮಗನ ಬಿಡುಗಡೆ. ಸರ್ಕಾರದ ಆ ತಂತಿಯಲ್ಲಿ ದತ್ತುಪುತ್ರನೆಂದಾಗಲಿ ಬಂಧುವೆಂದಾಗಲಿ ಇರಲಿಲ್ಲ, ಮಗನೆಂದೇ ಇತ್ತು.

ಕೊಡೈಕನಾಲಿನಲ್ಲಿ ಎರಡು ವರ್ಷ ಹಸುಳೆಗಳಿಂದ ಹಿಡಿದು ಹನ್ನೆರಡರವರೆಗಿನ ಮಕ್ಕಳನ್ನು ಒಟ್ಟಿಗೆ ಇಟ್ಟುಕೊಂಡು ದುಡಿದು, 1946ರಲ್ಲಿ ಯೂರೋಪಿಗೆ ಮರಳಿ, ಮರುವರ್ಷ ಮತ್ತೆ ಭಾರತಕ್ಕೆ ಬಂದರು. 1952ನೆಯ ಮೇ 6ರಂದು ಹಾಲೆಂಡಿನ ನೋರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ ದೈವಾಧೀನರಾದರು. ಅಲ್ಲಿನ ಕಥೋಲಿಕ ಸಮಾಧಿಭೂಮಿಯಲ್ಲಿ ಅವರನ್ನು ಮಣ್ಣು ಮಾಡಿದರು. ಆಮೇಲೆ 1982ರಲ್ಲಿ ಕಣ್ಮುಚ್ಚುವವರೆಗೂ ಆ ಕಾರ್ಯವನ್ನು ಹೊತ್ತು ನಡೆಸಿದವನು ಮಾರಿಯೊನೇ.